ಬಾವಿಯ ಬಾಯಿಂದ ಟ್ಯಾಂಕಿನವರೆಗೆ: ತೈಲ ಮತ್ತು ಅನಿಲ ಉತ್ಪಾದನಾ ಸ್ಥಾವರವನ್ನು ಅರ್ಥ ಮಾಡಿಕೊಳ್ಳಲು ಎಲ್ಲಿಂದ ಆರಂಭಿಸಬೇಕು?

ಗುಬ್ಬಿ_ಮೆಕ್ಯಾನಿಕಲ್ (ತುಮಕೂರು) ಕೇಳಿದ್ದು:

ಮಾನ್ಯರೇ,

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಔಷಧ ಕಾರ್ಖಾನೆಗಳಿಗೆ ಬೇಕಾದ ರಿಯಾಕ್ಟರ್, ಏರ್ ರಿಸೀವರ್, ಶೇಖರಣಾ ಟ್ಯಾಂಕು ಇಂಥವು ನಮ್ಮ ನಿತ್ಯದ ಕೆಲಸ. ಈಗ ಮೊದಲ ಸಲ ಆಂಧ್ರಪ್ರದೇಶದ ಕೃಷ್ಣಾ–ಗೋದಾವರಿ ಕೊಳ್ಳದ ಒಂದು ತೈಲ ಸಂಗ್ರಹಣಾ ಕೇಂದ್ರಕ್ಕೆ ತೈಲ, ಅನಿಲ, ನೀರನ್ನು ಬೇರ್ಪಡಿಸುವ ಥ್ರೀ-ಫೇಸ್ ಸೆಪರೇಟರ್ ತಯಾರಿಸಿಕೊಡುವ ಆರ್ಡರ್ ಬಂದಿದೆ. ಎಎಸ್‌ಎಂಇ ಕೋಡಿನ ಎಂಟನೆಯ ವಿಭಾಗದ ಪ್ರಕಾರ ಶೆಲ್‌ನ ದಪ್ಪವನ್ನು ಲೆಕ್ಕ ಹಾಕುವುದು, ವೆಲ್ಡ್‌ಗಳ ರೇಡಿಯೋಗ್ರಫಿ, ಹೈಡ್ರೋ ಟೆಸ್ಟ್ ಇವೆಲ್ಲ ನಮಗೆ ಗೊತ್ತಿರುವ ವಿಷಯಗಳೇ. ಆದರೆ ಪಾತ್ರೆಯ ಒಳಗಿರುವ ಭಾಗಗಳು ಯಾಕಾಗಿ ಇವೆ ಎಂಬುದು ನನಗೆ ತಿಳಿಯುತ್ತಿಲ್ಲ. ಡ್ರಾಯಿಂಗ್‌ನಲ್ಲಿ ಒಳಬರುವ ನಾಝಲ್‌ನ (ಕೊಳವೆ ಜೋಡಿಸುವ ಬಾಯಿ) ಎದುರು ಒಂದು ಡೈವರ್ಟರ್ ಇದೆ, ನಡುವೆ ಅಡ್ಡಗೋಡೆಯಂಥ ವಿಯರ್ ಪ್ಲೇಟ್ ಇದೆ, ಅನಿಲ ಹೊರಹೋಗುವ ಕಡೆ ಜಾಲರಿಯ ಪ್ಯಾಡ್ ಇದೆ, ದ್ರವ ಹೊರಹೋಗುವ ಪ್ರತಿ ನಾಝಲ್‌ನ ಮೇಲೂ ವೋರ್ಟೆಕ್ಸ್ ಬ್ರೇಕರ್ ಇದೆ.

ಈ ಒಂದು ಪಾತ್ರೆಯಷ್ಟೇ ಅಲ್ಲ, ಅದು ಕೂರುವ ಇಡೀ ಸ್ಥಾವರವನ್ನು ತಿಳಿದುಕೊಳ್ಳುವ ಆಸೆ ನನಗಿದೆ. ಪುಸ್ತಕಗಳನ್ನು ತೆರೆದರೆ ಉಪಕರಣಗಳ ಪಟ್ಟಿ ಸಿಗುತ್ತದೆಯೇ ಹೊರತು ಒಂದರ ನಂತರ ಇನ್ನೊಂದು ಏಕೆ ಬರುತ್ತದೆ ಎಂಬುದು ಸಿಗುವುದಿಲ್ಲ. ಬಾವಿಯಿಂದ ಬಂದದ್ದನ್ನು ಒಂದೇ ಪಾತ್ರೆಯಲ್ಲಿ ಬೇರ್ಪಡಿಸುವ ಬದಲು ಎರಡು ಮೂರು ಪಾತ್ರೆಗಳಲ್ಲಿ, ಬೇರೆ ಬೇರೆ ಒತ್ತಡಗಳಲ್ಲಿ ಬೇರ್ಪಡಿಸುವುದೇಕೆ? ಈ ಕ್ಷೇತ್ರದಲ್ಲಿ ದುಡಿದವರು ದಯವಿಟ್ಟು ಸ್ವಲ್ಪ ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಮುಳಬಾಗಿಲು_ನಿವೃತ್ತ (ಕೋಲಾರ) ಉತ್ತರಿಸಿದ್ದು:

ನಾನು ಗುಜರಾತಿನ ಮೆಹಸಾಣಾ ಕಡೆಯ ತೈಲ ಕ್ಷೇತ್ರಗಳಲ್ಲಿ, ಅಲ್ಲಿ ಎಲ್ಲರೂ ಜಿಜಿಎಸ್ ಎಂದು ಕರೆಯುವ ಗ್ರೂಪ್ ಗ್ಯಾದರಿಂಗ್ ಸ್ಟೇಷನ್‌ಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪುಸ್ತಕಗಳ ಬಗ್ಗೆ ನಿಮ್ಮ ದೂರು ಸರಿಯಾಗಿಯೇ ಇದೆ. ಸ್ಥಾವರವನ್ನು ಬಾವಿಯ ಕಡೆಯಿಂದ ಓದಲು ಹೊರಟರೆ ಪಟ್ಟಿಯೇ ಸಿಗುತ್ತದೆ. ಕೊನೆಯಿಂದ, ಅಂದರೆ ಸರಕು ಗೇಟು ದಾಟುವ ಜಾಗದಿಂದ ಹಿಂದಕ್ಕೆ ಓದಿದರೆ ಪ್ರತಿ ಉಪಕರಣಕ್ಕೂ ಕಾರಣ ಸಿಗುತ್ತದೆ.

ಗೇಟಿನಲ್ಲಿ ಮೂರು ಸರಕುಗಳಿವೆ. ಕಚ್ಚಾತೈಲದಲ್ಲಿ ನೀರು ಮತ್ತು ಕೆಸರು ಸೇರಿ ಸಾಮಾನ್ಯವಾಗಿ ಶೇಕಡಾ ಅರ್ಧದಿಂದ ಒಂದರೊಳಗೆ ಇರಬೇಕು, ಉಪ್ಪು ಕಡಿಮೆ ಇರಬೇಕು, ಟ್ಯಾಂಕಿನಲ್ಲಿ ನಿಂತಾಗ ಅದು ಕುದಿದಂತೆ ಆವಿಯಾಗಬಾರದು. ಅನಿಲವು ಕೊಳವೆಮಾರ್ಗದಲ್ಲಿ ತಣ್ಣಗಾದಾಗ ಅದರಿಂದ ನೀರಾಗಲಿ ಭಾರದ ಹೈಡ್ರೋಕಾರ್ಬನ್ ಆಗಲಿ ದ್ರವವಾಗಿ ಇಳಿಯಬಾರದು. ಮೂರನೆಯದು ನೀರು. ಅದನ್ನು ಯಾರೂ ಕೊಳ್ಳುವುದಿಲ್ಲ. ಆದರೂ ಮತ್ತೆ ಭೂಮಿಯೊಳಕ್ಕೆ ಪಂಪು ಮಾಡುವಷ್ಟಾದರೂ ಅದನ್ನು ಶುದ್ಧ ಮಾಡಲೇಬೇಕು. ಬಾವಿಯಿಂದ ಬರುವುದೋ, ಈ ಮೂರೂ ಒಂದರೊಳಗೊಂದು ಬೆರೆತು, ಮರಳು, ಉಪ್ಪು, ಮೇಣ, ಇಂಗಾಲದ ಡೈಆಕ್ಸೈಡ್, ಕೆಲವೆಡೆ ಹೈಡ್ರೋಜನ್ ಸಲ್ಫೈಡ್ ಇವನ್ನೆಲ್ಲ ಹೊತ್ತು ತರುವ ಪ್ರವಾಹ. ಈ ಎರಡು ತುದಿಗಳ ನಡುವೆ ಇರುವುದೆಲ್ಲವೂ ಮೇಲ್ಮೈ ಸ್ಥಾವರ.

ನಮ್ಮ ಕೋಲಾರ, ತುಮಕೂರು ಕಡೆಯವರಿಗೆ ಬೋರ್‌ವೆಲ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ತೈಲದ ಬಾವಿಗೂ ಕೇಸಿಂಗ್ ಇದೆ, ಒತ್ತಡ ಕುಗ್ಗಿದ ಬಾವಿಗಳಲ್ಲಿ ಸಬ್‌ಮರ್ಸಿಬಲ್ ಪಂಪೂ ಇರುತ್ತದೆ. ವ್ಯತ್ಯಾಸ ಇರುವುದು ಹೊಸ ಬಾವಿಗಳಲ್ಲಿ. ನಮ್ಮಲ್ಲಿ ಸಾವಿರ ಅಡಿ ಕೊರೆದರೂ ನೀರನ್ನು ಎಳೆದು ತರಬೇಕು. ಅಲ್ಲಿ ದ್ರವವೇ ನೂರಾರು ಬಾರ್ ಒತ್ತಡದಲ್ಲಿ ಮೇಲೇಳುತ್ತದೆ, ನಾವು ಅದನ್ನು ತಡೆದು ನಿಲ್ಲಿಸಬೇಕು. ಹಾಗಾಗಿ ಬಾವಿಯ ಬಾಯಿಯ ಮೇಲೆ ವಾಲ್ವ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಕ್ರಿಸ್‌ಮಸ್ ಟ್ರೀ ಇರುತ್ತದೆ. ಕೆಳಗಡೆ ಎರಡು ಮಾಸ್ಟರ್ ವಾಲ್ವ್‌ಗಳು, ಪಕ್ಕದಲ್ಲಿ ವಿಂಗ್ ವಾಲ್ವ್, ತುದಿಯಲ್ಲಿ ಸ್ವಾಬ್ ವಾಲ್ವ್, ವಿಂಗ್ ವಾಲ್ವ್‌ನ ಆಚೆಗೆ ಹರಿವನ್ನು ಕಿರಿದಾದ ರಂಧ್ರದ ಮೂಲಕ ಹಾಯಿಸುವ ಚೋಕ್.

ಚೋಕ್ ಎಂಬುದು ನೋಡಲು ಸಣ್ಣ ಭಾಗ, ಆದರೆ ಸ್ಥಾವರದ ಎಂಜಿನಿಯರ್ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಅದನ್ನೇ. ಚೋಕ್‌ನ ನಂತರದ ಒತ್ತಡ ಅದರ ಹಿಂದಿನ ಒತ್ತಡದ ಸುಮಾರು ಅರ್ಧಕ್ಕಿಂತ ಕೆಳಗಿಳಿದಾಗ ಹರಿವು ಕ್ರಿಟಿಕಲ್ ಆಗುತ್ತದೆ; ಅಂದರೆ ಆಮೇಲೆ ಸ್ಥಾವರದ ಕಡೆ ಒತ್ತಡ ಸ್ವಲ್ಪ ಏರಿದರೂ ಇಳಿದರೂ ಬಾವಿಯ ಹರಿವು ಬದಲಾಗುವುದಿಲ್ಲ. ಸ್ಥಾವರದ ಏರುಪೇರು ಬಾವಿಗೆ ತಟ್ಟದಂತೆ ಮಾಡುವ ಕೆಲಸ ಅದರದು. ಇದಕ್ಕೆ ತೆರುವ ಬೆಲೆ ಚಳಿ. ಒತ್ತಡ ಹಠಾತ್ತನೆ ಇಳಿದಾಗ ನೈಸರ್ಗಿಕ ಅನಿಲ ಪ್ರತಿ ಬಾರ್‌ಗೆ ಸುಮಾರು ಅರ್ಧ ಡಿಗ್ರಿಯಂತೆ ತಣ್ಣಗಾಗುತ್ತದೆ. ಅನಿಲದಲ್ಲಿ ನೀರು ಇದ್ದರೆ, ನೂರು ಬಾರ್ ಆಸುಪಾಸಿನ ಒತ್ತಡದಲ್ಲಿ 15ರಿಂದ 20 ಡಿಗ್ರಿಯಲ್ಲೇ ಹೈಡ್ರೇಟ್ ಎಂಬ ಮಂಜಿನಂಥ ಗಟ್ಟಿ ಪದಾರ್ಥ ಹುಟ್ಟಿ ಕೊಳವೆಯನ್ನು ಕಟ್ಟಿಬಿಡುತ್ತದೆ. ಸುಡುವ ಬೇಸಿಗೆಯಲ್ಲಿ ಚೋಕ್‌ನ ಹೊರಮೈ ಮೇಲೆ ಬಿಳಿ ಹಿಮ ಕಟ್ಟಿರುವುದನ್ನು ಕಂಡು ಹೊಸಬರು ಬೆರಗಾಗುವುದುಂಟು. ಅದಕ್ಕಾಗಿಯೇ ಅನಿಲದ ಬಾವಿಗಳಲ್ಲಿ ಮೆಥನಾಲ್ ಅಥವಾ ಗ್ಲೈಕಾಲ್ ಸೇರಿಸುತ್ತಾರೆ, ಇಲ್ಲವೇ ಚೋಕ್‌ಗೆ ಮೊದಲೇ ಬಿಸಿ ಮಾಡುತ್ತಾರೆ.

ಚೋಕ್ ದಾಟಿದ ಮೇಲೆ ಪ್ರತಿ ಬಾವಿಯ ಕೊಳವೆ, ಅಂದರೆ ಫ್ಲೋಲೈನ್, ಎಲ್ಲವೂ ಕೂಡುವ ಮ್ಯಾನಿಫೋಲ್ಡ್‌ಗೆ ಬರುತ್ತದೆ. ಅಲ್ಲಿ ಎರಡು ಹೆಡರ್‌ಗಳಿರುತ್ತವೆ. ಒಂದರಲ್ಲಿ ಎಲ್ಲ ಬಾವಿಗಳ ಉತ್ಪಾದನೆ ಒಟ್ಟಾಗಿ ಹರಿಯುತ್ತದೆ. ಇನ್ನೊಂದರ ಮೂಲಕ ಒಂದೊಂದೇ ಬಾವಿಯನ್ನು ಸರದಿಯಂತೆ ಟೆಸ್ಟ್ ಸೆಪರೇಟರ್‌ಗೆ ಹರಿಸಿ ಅದರ ತೈಲ, ಅನಿಲ, ನೀರನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಯಾವ ಬಾವಿ ಎಷ್ಟು ಕೊಡುತ್ತಿದೆ, ಯಾವುದು ನೀರು ಕಕ್ಕಲು ಶುರುಮಾಡಿದೆ ಎಂಬುದು ಭೂವಿಜ್ಞಾನಿಗಳಿಗೆ ತಿಳಿಯುವುದು ಈ ಅಳತೆಯಿಂದಲೇ.

ಇನ್ನು ನಿಮ್ಮ ಪಾತ್ರೆಗೆ ಬರುತ್ತೇನೆ. ಒಳನುಗ್ಗುವ ಮಿಶ್ರಣದ ವೇಗವನ್ನು ಮುರಿಯುವುದು ಡೈವರ್ಟರ್‌ನ ಕೆಲಸ. ಅಲ್ಲಿಯೇ ಬಹುಪಾಲು ಅನಿಲ ಬಿಡುಗಡೆಯಾಗುತ್ತದೆ. ಆಮೇಲೆ ಅನಿಲ ಪಾತ್ರೆಯ ಮೇಲರ್ಧದಲ್ಲಿ ನಿಧಾನವಾಗಿ ಸಾಗುವಾಗ ಸುಮಾರು ನೂರು ಮೈಕ್ರಾನ್‌ಗಿಂತ ದೊಡ್ಡ ಹನಿಗಳು ತಮ್ಮ ಭಾರದಿಂದಲೇ ಕೆಳಗೆ ಬೀಳುತ್ತವೆ. ಉಳಿದ ಸಣ್ಣ ಹನಿಗಳನ್ನು, ಹತ್ತು ಮೈಕ್ರಾನ್‌ವರೆಗಿನವನ್ನೂ, ಜಾಲರಿಯ ಪ್ಯಾಡ್ ಹಿಡಿಯುತ್ತದೆ. ಕೆಳಗಿನ ಅರ್ಧದಲ್ಲಿ ನೀರು ತಳ ಸೇರುತ್ತದೆ, ತೈಲ ಅದರ ಮೇಲೆ ತೇಲುತ್ತದೆ. ತೈಲ ವಿಯರ್ ಪ್ಲೇಟ್‌ನ ಮೇಲಂಚನ್ನು ದಾಟಿ ಆಚೆಗಿನ ಕೋಣೆಗೆ ಚೆಲ್ಲುತ್ತದೆ. ನೀರು ವಿಯರ್‌ನ ಈಚೆಗೇ ತಳದ ನಾಝಲ್‌ನಿಂದ ಹೊರಹೋಗುತ್ತದೆ. ದ್ರವ ಹೊರಹೋಗುವಾಗ ಸುಳಿಯೆದ್ದು ಅದರೊಂದಿಗೆ ಅನಿಲವೂ ಎಳೆದುಕೊಂಡು ಹೋಗದಂತೆ ವೋರ್ಟೆಕ್ಸ್ ಬ್ರೇಕರ್ ತಡೆಯುತ್ತದೆ.

ಪಾತ್ರೆಯ ಉದ್ದವನ್ನು ಬಹುಮಟ್ಟಿಗೆ ನಿರ್ಧರಿಸುವುದು ದ್ರವ ಅದರೊಳಗೆ ತಂಗುವ ಸಮಯ. ತೈಲ ಮತ್ತು ಅನಿಲವನ್ನಷ್ಟೇ ಬೇರ್ಪಡಿಸುವುದಾದರೆ, ಹಗುರ ತೈಲಕ್ಕೆ ಒಂದು ನಿಮಿಷ ಸಾಕಾಗುತ್ತದೆ. ನೀರನ್ನೂ ಬೇರ್ಪಡಿಸಬೇಕಾದರೆ ಹಗುರ ತೈಲಕ್ಕೆ ಮೂರರಿಂದ ಐದು ನಿಮಿಷ, ಭಾರದ ತಣ್ಣನೆಯ ತೈಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷದವರೆಗೂ ಬೇಕಾಗುತ್ತದೆ.

ಫ್ಯಾಬ್ರಿಕೇಶನ್ ಮಾಡುವವರಿಗೆ ಒಂದು ಮಾತು. ವಿಯರ್ ಪ್ಲೇಟನ್ನು ಶೆಲ್‌ಗೆ ಸುತ್ತಲೂ ಒಂದಿಷ್ಟೂ ಸಂದಿ ಬಿಡದೆ ಬೆಸೆಯಬೇಕು. ಅದು ಒತ್ತಡ ಹೊರುವ ಭಾಗವಲ್ಲವೆಂದು ಅಲ್ಲಲ್ಲಿ ಟ್ಯಾಕ್ ಹಾಕಿ ಬಿಟ್ಟರೆ, ಆ ಸಂದಿಯಲ್ಲಿ ನೀರು ತೈಲದ ಕೋಣೆಗೆ ನುಸುಳುತ್ತಲೇ ಇರುತ್ತದೆ. ಸ್ಥಾವರದವರು ಕಾರಣ ತಿಳಿಯದೆ, ತೈಲ ಮತ್ತು ನೀರಿನ ನಡುವಿನ ಗಡಿಯ ಮಟ್ಟ ಕಾಯುವ ಇಂಟರ್‌ಫೇಸ್ ಕಂಟ್ರೋಲರ್‌ನ್ನು ಬೈಯುತ್ತಾರೆ. ಅದರ ಮೇಲಂಚು ಮಟ್ಟವಾಗಿರುವುದನ್ನೂ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

ಚಿಂತಾಮಣಿ_ಪ್ರೋಸೆಸ್ (ಚಿಕ್ಕಬಳ್ಳಾಪುರ) ಉತ್ತರಿಸಿದ್ದು:

ಹಿರಿಯರು ಹೇಳಿದ್ದಕ್ಕೆ ಪೂರಕವಾಗಿ, ಹಲವು ಒತ್ತಡಗಳಲ್ಲಿ ಬೇರ್ಪಡಿಸುವುದೇಕೆ ಎಂಬ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ಬೆಂಗಳೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ಇಂಥ ಸ್ಥಾವರಗಳ ಪ್ರೋಸೆಸ್ ವಿನ್ಯಾಸದ ಕೆಲಸ ಮಾಡುತ್ತೇನೆ.

ಕಚ್ಚಾತೈಲ ಒಂದೇ ವಸ್ತುವಲ್ಲ. ಮೀಥೇನ್, ಈಥೇನ್‌ನಂಥ ಹಗುರವಾದವು ಹೇಗಿದ್ದರೂ ಅನಿಲವಾಗಿ ಹೋಗುತ್ತವೆ. ಭಾರದವು ಹೇಗಿದ್ದರೂ ದ್ರವವಾಗಿ ಉಳಿಯುತ್ತವೆ. ನಡುವಿನ ಪ್ರೊಪೇನ್, ಬ್ಯೂಟೇನ್, ಪೆಂಟೇನ್‌ಗಳು ಎತ್ತ ಹೋಗುತ್ತವೆ ಎಂಬುದು ಒತ್ತಡವನ್ನು ನಾವು ಹೇಗೆ ಇಳಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಒಂದೇ ಏಟಿಗೆ ವಾತಾವರಣದ ಒತ್ತಡಕ್ಕೆ ಇಳಿಸಿದರೆ, ಬಿಡುಗಡೆಯಾಗುವ ಅಪಾರ ಪ್ರಮಾಣದ ಮೀಥೇನ್ ತನ್ನ ಜೊತೆ ಈ ನಡುವಿನವನ್ನೂ ಸೆಳೆದುಕೊಂಡು ಹೋಗುತ್ತದೆ. ಟ್ಯಾಂಕಿನಲ್ಲಿ ಉಳಿಯುವ ತೈಲದ ಪ್ರಮಾಣ ಕಡಿಮೆಯಾಗುತ್ತದೆ. ಮೊದಲು ಹೆಚ್ಚು ಒತ್ತಡದಲ್ಲೇ ಮೀಥೇನನ್ನು ತೆಗೆದುಹಾಕಿ, ಆಮೇಲೆ ಹಂತಹಂತವಾಗಿ ಇಳಿಸಿದರೆ ನಡುವಿನ ಅಂಶಗಳಲ್ಲಿ ಹೆಚ್ಚಿನವು ದ್ರವದಲ್ಲೇ ನಿಲ್ಲುತ್ತವೆ.

ಎರಡನೆಯ ಕಾರಣ ಕಂಪ್ರೆಸರ್. ಹೆಚ್ಚು ಒತ್ತಡದಲ್ಲಿ ಬೇರ್ಪಟ್ಟ ಅನಿಲವನ್ನು ಕೊಳವೆಮಾರ್ಗಕ್ಕೆ ಕಳಿಸಲು ಸ್ವಲ್ಪ ತಳ್ಳಿದರೆ ಸಾಕು, ಕೆಲವೊಮ್ಮೆ ಅದೂ ಬೇಡ. ಅದೇ ಅನಿಲವನ್ನು ಒಂದು ಬಾರ್‌ಗೆ ಇಳಿಸಿ ಮತ್ತೆ ಎಪ್ಪತ್ತು ಬಾರ್‌ಗೆ ಏರಿಸಲು ಹೊರಟರೆ ವಿದ್ಯುತ್ತಿನ ಖರ್ಚು, ಯಂತ್ರದ ಖರ್ಚು ಎರಡೂ ಬಾಧಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಹಂತಗಳ ಸಂಖ್ಯೆಯನ್ನು ನಿಜವಾಗಿ ನಿರ್ಧರಿಸುವುದು ಹೆಚ್ಚುವರಿ ತೈಲಕ್ಕಿಂತ ಈ ಕಂಪ್ರೆಸರ್ ಲೆಕ್ಕವೇ.

ಆರಂಭದ ಅಂದಾಜಿಗೆ ಪ್ರತಿ ಹಂತದಲ್ಲೂ ಒತ್ತಡವನ್ನು ಒಂದೇ ಅನುಪಾತದಲ್ಲಿ ಇಳಿಸುತ್ತಾರೆ. ಮೊದಲ ಸೆಪರೇಟರ್ 64 ಬಾರ್ ನಿರಪೇಕ್ಷ ಒತ್ತಡದಲ್ಲಿದ್ದು, ಟ್ಯಾಂಕು 1 ಬಾರ್‌ನಲ್ಲಿದ್ದು, ನಡುವೆ ಮೂರು ಇಳಿತಗಳಿವೆ ಎಂದುಕೊಳ್ಳಿ. ಆಗ ಅನುಪಾತ ನಾಲ್ಕು, ಒತ್ತಡಗಳು 64, 16, 4 ಮತ್ತು 1. ಕಂಪ್ರೆಸರ್‌ನ ಒಂದು ಹಂತಕ್ಕೆ ಮೂರರಿಂದ ನಾಲ್ಕರ ಅನುಪಾತ ಒಗ್ಗುವುದರಿಂದ ಎರಡೂ ಲೆಕ್ಕಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹಂತಗಳನ್ನು ಇನ್ನೂ ಹೆಚ್ಚಿಸುತ್ತ ಹೋದರೆ ಸಿಗುವ ಲಾಭ ಬೇಗನೆ ಕುಗ್ಗುತ್ತದೆ. ಹಾಗಾಗಿ ಟ್ಯಾಂಕೂ ಸೇರಿ ಎರಡರಿಂದ ನಾಲ್ಕು ಹಂತಗಳಲ್ಲಿ ಹೆಚ್ಚಿನ ಸ್ಥಾವರಗಳು ಮುಗಿಯುತ್ತವೆ. ಬಾವಿಗಳ ಒತ್ತಡ ವರ್ಷಗಳು ಕಳೆದಂತೆ ಇಳಿಯುವುದರಿಂದ, ಇಂದು 64 ಬಾರ್‌ನಲ್ಲಿ ನಡೆಯುವ ಪಾತ್ರೆ ಮುಂದೊಂದು ದಿನ 16 ಬಾರ್‌ನಲ್ಲಿ ನಡೆಯಬೇಕಾಗಿ ಬರಬಹುದು. ಆಗ ಅದೇ ತೂಕದ ಅನಿಲ ಸುಮಾರು ನಾಲ್ಕು ಪಟ್ಟು ಜಾಗ ಕೇಳುತ್ತದೆ. ನಿಮ್ಮ ಡ್ರಾಯಿಂಗ್‌ನಲ್ಲಿ ಅನಿಲದ ನಾಝಲ್ ಅಗತ್ಯಕ್ಕಿಂತ ದೊಡ್ಡದೆನಿಸಿದರೆ ಕಾರಣ ಇದೇ ಇರಬಹುದು.

ಬೇರ್ಪಟ್ಟ ಅನಿಲದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದರಲ್ಲಿ ನೀರಾವಿ ತುಂಬಿರುತ್ತದೆ. ಅದನ್ನು ಟ್ರೈಎಥಿಲೀನ್ ಗ್ಲೈಕಾಲ್ ಹರಿಯುವ ಎತ್ತರದ ಟವರ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಹಾಯಿಸಿದಾಗ ಗ್ಲೈಕಾಲ್ ನೀರನ್ನು ಹೀರಿಕೊಳ್ಳುತ್ತದೆ. ಪ್ರತಿ ಹತ್ತು ಲಕ್ಷ ಘನ ಅಡಿಗೆ ಏಳು ಪೌಂಡ್ ನೀರು ಎಂಬುದು ಅಮೆರಿಕದಿಂದ ಬಂದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಮಿತಿ; ನಮ್ಮ ಅಳತೆಯಲ್ಲಿ ಅದು ಘನ ಮೀಟರ್‌ಗೆ ಸುಮಾರು 112 ಮಿಲಿಗ್ರಾಂ. ನೀರು ಹೀರಿದ ಗ್ಲೈಕಾಲನ್ನು ಮತ್ತೆ ಕುದಿಸಿ ಬಳಸುತ್ತಾರೆ. ರೀಬಾಯ್ಲರ್ ಅನ್ನು 204 ಡಿಗ್ರಿಗಿಂತ ಮೇಲೆ ಬಿಸಿ ಮಾಡುವಂತಿಲ್ಲ, ಏಕೆಂದರೆ ಅದಕ್ಕಿಂತ ಸ್ವಲ್ಪವೇ ಮೇಲೆ ಗ್ಲೈಕಾಲ್ ಒಡೆಯತೊಡಗುತ್ತದೆ. ಹೈಡ್ರೋಜನ್ ಸಲ್ಫೈಡ್ ಇರುವ ಅನಿಲಕ್ಕೆ ಇದಕ್ಕೂ ಮೊದಲು ಆ ಸಲ್ಫೈಡನ್ನು ಹೀರಿ ತೆಗೆಯುವ ಅಮೀನ್ ಘಟಕ ಬೇಕು. ಮುಂಬೈ ಕಡಲಿನ ಬಸೇನ್ ಕ್ಷೇತ್ರದ ಅನಿಲ ಅಂಥದ್ದು. ಅದನ್ನು ಸಮುದ್ರದಡಿಯ ಕೊಳವೆಯಲ್ಲಿ ಗುಜರಾತಿನ ಹಜೀರಾಕ್ಕೆ ತಂದು ಅಲ್ಲಿ ಶುದ್ಧೀಕರಿಸುತ್ತಾರೆ. ದಾಭೋಳದಿಂದ ಬೆಂಗಳೂರಿಗೆ ಬರುವ ಅನಿಲ ಕೊಳವೆಮಾರ್ಗ ನಿಮ್ಮ ತುಮಕೂರು ಜಿಲ್ಲೆಯನ್ನು ಹಾದೇ ಬರುತ್ತದೆ. ಅಂಥ ಕೊಳವೆಯೊಳಗೆ ಒಣ, ಶುದ್ಧ ಅನಿಲವಷ್ಟೇ ಹರಿಯಬೇಕೆಂಬ ಷರತ್ತೇ ಈ ಎಲ್ಲ ಟವರ್‌ಗಳ ಮೂಲ.

ಗುಬ್ಬಿ_ಮೆಕ್ಯಾನಿಕಲ್:

ಇಬ್ಬರಿಗೂ ಧನ್ಯವಾದಗಳು. ವಿಯರ್ ಪ್ಲೇಟ್‌ನ ವಿಷಯವನ್ನು ನಮ್ಮ ಶಾಪ್ ಫೋರ್‌ಮನ್‌ಗೆ ಈಗಾಗಲೇ ತಿಳಿಸಿದ್ದೇನೆ. ಮತ್ತೆರಡು ಸಂದೇಹಗಳಿವೆ. ತಂಗುವ ಸಮಯ ಸಾಕಷ್ಟು ಕೊಟ್ಟರೆ ನೀರು ತಾನಾಗಿಯೇ ಬೇರಾಗುವುದಾದರೆ, ಸೆಪರೇಟರ್‌ನ ನಂತರ ತೈಲವನ್ನು ಬಿಸಿ ಮಾಡಿ ನೀರು ತೆಗೆಯುವ ಹೀಟರ್ ಟ್ರೀಟರ್, ಅದರಲ್ಲೂ ವಿದ್ಯುತ್ ಗ್ರಿಡ್ ಇರುವ ಟ್ರೀಟರ್ ಏಕೆ ಬೇಕು? ಎರಡನೆಯದಾಗಿ, ಒಂದೇ ಪಾತ್ರೆಯ ಮೇಲೆ ಒತ್ತಡಕ್ಕೆ, ದ್ರವದ ಮಟ್ಟಕ್ಕೆ ಇಷ್ಟೊಂದು ಇನ್‌ಸ್ಟ್ರುಮೆಂಟ್ ನಾಝಲ್‌ಗಳಿರುವುದು ಏಕೆ? ಕಂಟ್ರೋಲರ್‌ಗೆ ಒಂದು, ಅಲಾರಾಂಗೆ ಒಂದು, ಮತ್ತೆ ಬೇರೆಯದೇ ಒಂದು ಎಂದು ಸಾಲಾಗಿ ತೋರಿಸಿದ್ದಾರೆ.

ಮುಳಬಾಗಿಲು_ನಿವೃತ್ತ:

ಸೆಪರೇಟರ್‌ನಲ್ಲಿ ತಳಕ್ಕೆ ಇಳಿಯುವುದು ಬಿಡಿಯಾಗಿರುವ ನೀರು ಮಾತ್ರ. ಚೋಕ್‌ನಲ್ಲಿ, ಪಂಪಿನಲ್ಲಿ, ಕೊಳವೆಯ ತಿರುವುಗಳಲ್ಲಿ ಜಜ್ಜಿಹೋದ ನೀರು ಕೆಲವೇ ಮೈಕ್ರಾನ್‌ಗಳ ಹನಿಗಳಾಗಿ ತೈಲದೊಳಗೆ ಹುದುಗಿರುತ್ತದೆ. ಆಸ್ಫಾಲ್ಟೀನ್, ಮೇಣ, ಸಣ್ಣ ಮಣ್ಣಿನ ಕಣಗಳು ಆ ಹನಿಗಳ ಸುತ್ತ ಪೊರೆ ಕಟ್ಟಿ, ಎರಡು ಹನಿಗಳು ಮುಟ್ಟಿದರೂ ಒಂದಾಗದಂತೆ ತಡೆಯುತ್ತವೆ. ಇದೇ ಎಮಲ್ಷನ್. ಇದಕ್ಕೆ ಅರ್ಧ ದಿನ ಸಮಯ ಕೊಟ್ಟರೂ ಕೆಲವು ಬಗೆಯವು ಒಡೆಯುವುದಿಲ್ಲ.

ಸ್ಟೋಕ್ಸ್ ನಿಯಮವನ್ನು ನೀವು ಕಾಲೇಜಿನಲ್ಲಿ ಓದಿರುತ್ತೀರಿ. ಹನಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೂ ಎರಡು ದ್ರವಗಳ ಸಾಂದ್ರತೆಯ ವ್ಯತ್ಯಾಸಕ್ಕೂ ಅನುಗುಣವಾಗಿ, ತೈಲದ ಸ್ನಿಗ್ಧತೆಗೆ ವಿಲೋಮವಾಗಿ ಇರುತ್ತದೆ. ಟ್ರೀಟರ್‌ನ ಎಲ್ಲ ಉಪಾಯಗಳೂ ಈ ಒಂದು ಸಮೀಕರಣದೊಳಗಿವೆ. ಬಿಸಿ ಮಾಡಿದರೆ ಸ್ನಿಗ್ಧತೆ ಇಳಿಯುತ್ತದೆ. ಡೀಮಲ್ಸಿಫೈಯರ್ ಎಂಬ ರಾಸಾಯನಿಕ ಹನಿಯ ಸುತ್ತಲಿನ ಪೊರೆಯನ್ನು ಹರಿದುಹಾಕುತ್ತದೆ. ವಿದ್ಯುತ್ ಗ್ರಿಡ್ ಹನಿಗಳನ್ನು ಪರಸ್ಪರ ಆಕರ್ಷಿಸುವಂತೆ ಮಾಡಿ ಒಂದುಗೂಡಿಸುತ್ತದೆ; ವ್ಯಾಸ ಎರಡು ಪಟ್ಟಾದರೆ ಇಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ. ಡೀಮಲ್ಸಿಫೈಯರನ್ನು ಸಾಧ್ಯವಾದಷ್ಟು ಮೊದಲೇ, ಮ್ಯಾನಿಫೋಲ್ಡ್‌ನಲ್ಲೇ ಸೇರಿಸುವುದು ಒಳ್ಳೆಯದು. ಟ್ರೀಟರ್‌ನ ಬಾಗಿಲಲ್ಲಿ ಸುರಿದು ಕೆಲಸ ಮಾಡಲಿಲ್ಲ ಎಂದು ಡೋಸ್ ಹೆಚ್ಚಿಸುವವರೇ ಹೆಚ್ಚು. ಅತಿಯಾದ ಡೋಸ್ ತಾನೇ ಹೊಸ ಎಮಲ್ಷನ್ ಕಟ್ಟಬಲ್ಲದು.

ಬಿಸಿಯ ಮಾತು ಬಂದದ್ದರಿಂದ ರಾಜಸ್ಥಾನದ ಬಾಡ್ಮೇರ್‌ನ ಉದಾಹರಣೆ ಹೇಳಬೇಕು. ಅಲ್ಲಿಯ ಮಂಗಳಾ ಕ್ಷೇತ್ರ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಶುರುವಾಯಿತು. ಆ ತೈಲದಲ್ಲಿ ಮೇಣ ಎಷ್ಟಿದೆಯೆಂದರೆ ಅದು 40 ಡಿಗ್ರಿಯ ಆಸುಪಾಸಿನಲ್ಲೇ ಹರಿಯುವುದನ್ನು ನಿಲ್ಲಿಸಿ ಗಟ್ಟಿಯಾಗುತ್ತದೆ. ಹಾಗಾಗಿ ಗುಜರಾತಿನ ಕರಾವಳಿಯ ಕಡೆಗೆ ಹಾಕಿದ ಆರುನೂರು ಕಿಲೋಮೀಟರಿಗೂ ಉದ್ದದ ಕೊಳವೆಗೆ ಉಷ್ಣ ನಿರೋಧಕ ಹೊದಿಸಿದ್ದಲ್ಲದೆ, ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿ ಮಾಡುವ ವ್ಯವಸ್ಥೆಯನ್ನೂ ಮಾಡಬೇಕಾಯಿತು. ತೈಲದ ಗುಣ ತಿಳಿಯದೆ ಸ್ಥಾವರ ಕಟ್ಟಲಾಗದು ಎನ್ನುವುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಕಾಣದು.

ನೀರಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಎಂಜಿನಿಯರುಗಳು ತೀರಾ ಅಲಕ್ಷ್ಯ ಮಾಡುವುದು ಅದನ್ನೇ. ಹೊಸ ಕ್ಷೇತ್ರದಲ್ಲಿ ನೀರು ನಾಮಮಾತ್ರಕ್ಕೆ ಬರುತ್ತದೆ. ಕ್ಷೇತ್ರಕ್ಕೆ ವಯಸ್ಸಾದಂತೆ ತೈಲಕ್ಕಿಂತ ನೀರೇ ಹೆಚ್ಚಾಗುತ್ತದೆ, ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೇ ಬರುವ ಬಾವಿಗಳೂ ಇವೆ. ತೈಲಕ್ಕಾಗಿ ಕಟ್ಟಿದ ಸ್ಥಾವರ ಕೊನೆಗೆ ನೀರು ಶುದ್ಧೀಕರಣ ಕೇಂದ್ರವಾಗಿಬಿಡುತ್ತದೆ. ಆ ನೀರಿನಲ್ಲಿರುವ ತೈಲದ ಹನಿಗಳನ್ನು ಮೊದಲು ಸ್ಕಿಮ್ ಟ್ಯಾಂಕಿನಲ್ಲಿ, ಆಮೇಲೆ ಸುಕ್ಕುತಗಡಿನ ಪ್ಲೇಟ್‌ಗಳ ನಡುವೆ ಅಥವಾ ಹೈಡ್ರೋಸೈಕ್ಲೋನ್‌ನಲ್ಲಿ, ಕೊನೆಗೆ ಅನಿಲದ ಗುಳ್ಳೆಗಳಿಂದ ತೇಲಿಸಿ ತೆಗೆಯುತ್ತಾರೆ. ಈಶಾನ್ಯ ಅಟ್ಲಾಂಟಿಕ್ ಸಮುದ್ರಕ್ಕೆ ಬಿಡುವ ನೀರಿನಲ್ಲಿ ತೈಲ ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ನೆಲದೊಳಕ್ಕೆ ಮರಳಿ ಪಂಪು ಮಾಡುವುದಾದರೆ ತೈಲದಷ್ಟೇ ಮುಖ್ಯ ಸಣ್ಣ ಕಣಗಳು ಮತ್ತು ಆಮ್ಲಜನಕ. ಕಣಗಳು ಬಂಡೆಯ ರಂಧ್ರಗಳನ್ನು ಮುಚ್ಚುತ್ತವೆ, ಆಮ್ಲಜನಕ ಉಪ್ಪುನೀರಿನೊಡನೆ ಸೇರಿ ಕೊಳವೆಯನ್ನು ತಿನ್ನುತ್ತದೆ.

ಕೆಜಿಎಫ್_ಇನ್‌ಸ್ಟ್ರುಮೆಂಟ್ (ಕೋಲಾರ) ಉತ್ತರಿಸಿದ್ದು:

ನಾಝಲ್‌ಗಳ ಪ್ರಶ್ನೆ ನನ್ನ ಕ್ಷೇತ್ರದ್ದು. ಕಂಟ್ರೋಲರ್ ಮತ್ತು ರಕ್ಷಣಾ ಉಪಕರಣಗಳು ಎಂದಿಗೂ ಒಂದೇ ನಾಝಲ್, ಒಂದೇ ಟ್ರಾನ್ಸ್‌ಮಿಟರ್ (ಅಳತೆ ಕಳಿಸುವ ಸಾಧನ) ಹಂಚಿಕೊಳ್ಳಬಾರದು ಎಂಬುದು ಮೂಲತತ್ತ್ವ. ಕಂಟ್ರೋಲರ್‌ನ ಟ್ರಾನ್ಸ್‌ಮಿಟರ್ ಕೆಟ್ಟದ್ದರಿಂದಲೇ ಅನಾಹುತ ಶುರುವಾಗಿದ್ದರೆ, ಅದೇ ಟ್ರಾನ್ಸ್‌ಮಿಟರ್ ಆ ಅನಾಹುತವನ್ನು ಪತ್ತೆ ಹಚ್ಚುವುದು ಹೇಗೆ? ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ 14ಸಿ ಎಂಬ ಶಿಫಾರಸು ಪ್ರತಿ ಅಪಾಯಕ್ಕೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಹಂತದ ರಕ್ಷಣೆ ಕೇಳುತ್ತದೆ. ಒತ್ತಡ ಏರಿದಾಗ ಮೊದಲು ಸೆನ್ಸರ್ ಒಳಹರಿವನ್ನು ಮುಚ್ಚಬೇಕು. ಅದೂ ವಿಫಲವಾದರೆ ಯಾವ ವಿದ್ಯುತ್ತೂ ಗಾಳಿಯೂ ಬೇಡದ, ಕೇವಲ ಸ್ಪ್ರಿಂಗ್‌ನಿಂದ ನಡೆಯುವ ರಿಲೀಫ್ ವಾಲ್ವ್ ತೆರೆದು ಅನಿಲವನ್ನು, ಅದನ್ನು ಸುಡುವ ಚಿಮಣಿಯಾದ ಫ್ಲೇರ್‌ಗೆ ಬಿಡಬೇಕು.

ಹೊಸಬರ ಗಮನಕ್ಕೆ ಬಾರದ ಅಪಾಯ ಒತ್ತಡ ಏರುವುದಲ್ಲ, ದ್ರವದ ಮಟ್ಟ ಇಳಿಯುವುದು. ನಿಮ್ಮ 64 ಬಾರ್‌ನ ಸೆಪರೇಟರ್‌ನಲ್ಲಿ ತೈಲದ ಮಟ್ಟ ನಾಝಲ್‌ವರೆಗೂ ಇಳಿದು, ಮಟ್ಟದ ಕಂಟ್ರೋಲ್ ವಾಲ್ವ್ ತೆರೆದೇ ನಿಂತಿತೆಂದುಕೊಳ್ಳಿ. ಆಗ ತೈಲ ಹೋಗಬೇಕಾದ ದಾರಿಯಲ್ಲಿ 64 ಬಾರ್‌ನ ಅನಿಲ ನೇರವಾಗಿ ಕೆಳಗಿನ ಪಾತ್ರೆಗೆ ನುಗ್ಗುತ್ತದೆ. ಆ ಪಾತ್ರೆಯನ್ನು ಬಹುಶಃ 20 ಬಾರ್‌ಗೆ ಕಟ್ಟಿರುತ್ತಾರೆ. ಇದನ್ನು ನಮ್ಮಲ್ಲಿ ಗ್ಯಾಸ್ ಬ್ಲೋಬೈ ಎನ್ನುತ್ತಾರೆ. ಕೆಳಗಿನ ಪಾತ್ರೆಯ ರಿಲೀಫ್ ವಾಲ್ವ್‌ನ ಗಾತ್ರವನ್ನು ಅದರದೇ ಒಳಹರಿವಿಗಿಂತ ಈ ಬ್ಲೋಬೈ ಹರಿವೇ ಎಷ್ಟೋ ಸಲ ನಿರ್ಧರಿಸುತ್ತದೆ. ಮುಂದೆ ಯಾರಾದರೂ ಹರಿವು ಸಾಲದೆಂದು ಮೇಲಿನ ಪಾತ್ರೆಯ ಕಂಟ್ರೋಲ್ ವಾಲ್ವನ್ನು ದೊಡ್ಡದಕ್ಕೆ ಬದಲಾಯಿಸಿದರೆ, ಕೆಳಗಿನ ಪಾತ್ರೆಯ ರಿಲೀಫ್ ಲೆಕ್ಕವನ್ನೂ ಮತ್ತೆ ಮಾಡಲೇಬೇಕು. ಈ ಒಂದು ಕೊಂಡಿ ತಪ್ಪಿಹೋಗುವುದನ್ನು ನಾನು ಬೇರೆ ಬೇರೆ ಸ್ಥಾವರಗಳ ಕಾಗದಗಳಲ್ಲಿ ಕಂಡಿದ್ದೇನೆ.

ವಾಲ್ವ್‌ಗಳು ಗಾಳಿ ಅಥವಾ ವಿದ್ಯುತ್ ತಪ್ಪಿದಾಗ ಎತ್ತ ಹೋಗಬೇಕೆಂಬುದನ್ನೂ ಕೊಳವೆ ಮತ್ತು ಇನ್‌ಸ್ಟ್ರುಮೆಂಟ್‌ಗಳ ನಕ್ಷೆಯಾದ ಪಿ ಆ್ಯಂಡ್ ಐ ಡ್ರಾಯಿಂಗ್‌ನಲ್ಲಿ ಗಮನಿಸಿ. ಬಾವಿಯ ಕಡೆಯ ಶಟ್‌ಡೌನ್ ವಾಲ್ವ್‌ಗಳು ತಾವಾಗಿಯೇ ಮುಚ್ಚಬೇಕು, ಫ್ಲೇರ್‌ಗೆ ಒತ್ತಡ ಬಿಡುವ ಬ್ಲೋಡೌನ್ ವಾಲ್ವ್‌ಗಳು ಸಾಮಾನ್ಯವಾಗಿ ತಾವಾಗಿಯೇ ತೆರೆಯಬೇಕು. ಬೆಂಕಿ ಬಿದ್ದಾಗ ಪಾತ್ರೆಯ ಒತ್ತಡವನ್ನು 15 ನಿಮಿಷದೊಳಗೆ ವಿನ್ಯಾಸದ ಒತ್ತಡದ ಅರ್ಧಕ್ಕೆ ಅಥವಾ ಸುಮಾರು 7 ಬಾರ್‌ಗೆ ಇಳಿಸುವುದು ರೂಢಿಯಲ್ಲಿರುವ ಗುರಿ. ಏಕೆಂದರೆ ಬೆಂಕಿಯಲ್ಲಿ ಕಾದ ಉಕ್ಕು ರಿಲೀಫ್ ವಾಲ್ವ್ ತೆರೆಯುವ ಒತ್ತಡಕ್ಕಿಂತ ಕೆಳಗೇ ಸೀಳಿಹೋಗಬಲ್ಲದು. ಫ್ಲೇರ್‌ಗೆ ಮೊದಲು ನಾಕ್‌ಔಟ್ ಡ್ರಮ್ ಇರುವುದು ಅನಿಲದ ಜೊತೆ ಬಂದ ದ್ರವವನ್ನು ಹಿಡಿಯಲು. ಇಲ್ಲವಾದರೆ ಚಿಮಣಿಯ ತುದಿಯಿಂದ ಉರಿಯುವ ತೈಲದ ಮಳೆ ಸುರಿಯುತ್ತದೆ.

ರಿಲೀಫ್ ವಾಲ್ವ್‌ನ ಮಹತ್ವಕ್ಕೆ ಪೈಪರ್ ಆಲ್ಫಾ ಸಾಕ್ಷಿ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಆ ಪ್ಲಾಟ್‌ಫಾರಂನಲ್ಲಿ 167 ಮಂದಿ ಸತ್ತರು. ಅನಿಲದಿಂದ ಇಳಿದ ಹಗುರ ದ್ರವವಾದ ಕಂಡೆನ್ಸೇಟನ್ನು ಸಾಗಿಸುವ ಒಂದು ಪಂಪಿನ ರಿಲೀಫ್ ವಾಲ್ವನ್ನು ರಿಪೇರಿಗೆಂದು ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ ಎಂಬ ಮುಚ್ಚಳ ಹಾಕಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತುಹೋದಾಗ ಅವರು ಈ ಪಂಪನ್ನು ಚಾಲೂ ಮಾಡಿದರು, ಫ್ಲ್ಯಾಂಜ್‌ನಿಂದ ಕಂಡೆನ್ಸೇಟ್ ಸೋರಿ ಹೊತ್ತಿಕೊಂಡಿತು. ಇಂದು ಪ್ರತಿ ಸ್ಥಾವರದಲ್ಲೂ ರಿಪೇರಿ ಕೆಲಸಕ್ಕೆ ಅನುಮತಿ ಬರೆಯುವ ಪರ್ಮಿಟ್ ಪುಸ್ತಕದ ಬಗ್ಗೆ ಅಷ್ಟೊಂದು ಬಿಗಿ ಇರುವುದರ ಹಿಂದೆ ಆ ರಾತ್ರಿಯಿದೆ.

ಶಿರಾ_ಕೆಮಿಕಲ್ (ತುಮಕೂರು) ಕೇಳಿದ್ದು:

ಈ ಚರ್ಚೆಯನ್ನು ಓದುತ್ತಿರುವ ವಿದ್ಯಾರ್ಥಿ ನಾನು. ಇಷ್ಟೆಲ್ಲವನ್ನೂ ಕಲಿಯಲು ಸಿಮ್ಯುಲೇಶನ್ ಸಾಫ್ಟ್‌ವೇರ್ ಒಂದನ್ನು ಚೆನ್ನಾಗಿ ಕಲಿತರೆ ಸಾಕಾಗುವುದಿಲ್ಲವೇ? ಒತ್ತಡ, ಉಷ್ಣಾಂಶ ಕೊಟ್ಟರೆ ಎಷ್ಟು ಅನಿಲ, ಎಷ್ಟು ತೈಲ ಎಂಬುದನ್ನು ಅದೇ ಹೇಳುತ್ತದೆಯಲ್ಲ.

ಚಿಂತಾಮಣಿ_ಪ್ರೋಸೆಸ್:

ಕಲಿಯಿರಿ, ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಸಾಫ್ಟ್‌ವೇರ್‌ನ ಸೆಪರೇಟರ್ ಪರಿಪೂರ್ಣವಾದದ್ದು. ನೀವಾಗಿ ಹೇಳದ ಹೊರತು ಅದರ ಅನಿಲದಲ್ಲಿ ಒಂದು ಹನಿಯೂ ತೈಲವಿರುವುದಿಲ್ಲ, ತೈಲದಲ್ಲಿ ಎಮಲ್ಷನ್ ಇರುವುದಿಲ್ಲ, ನೊರೆ ಏಳುವುದಿಲ್ಲ, ಮರಳು ಕೂರುವುದಿಲ್ಲ. ನಿಜವಾದ ಸೆಪರೇಟರ್‌ನ ತೊಂದರೆಗಳೆಲ್ಲ ಆ ಲೆಕ್ಕದ ಹೊರಗೇ ಇವೆ. ಮೇಲೆ ಹೇಳಿದ 64, 16, 4ರ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ನಡುವಿನ ಒತ್ತಡಗಳನ್ನು ಬದಲಾಯಿಸುತ್ತ ಟ್ಯಾಂಕಿನ ತೈಲ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂದು ನೋಡಿ.

ಗುಬ್ಬಿಯವರಿಗೆ ಒಂದು ಸೂಚನೆ ಬಾಕಿಯಿದೆ. ನಿಮ್ಮ ಆರ್ಡರ್‌ನ ಕಾಗದದಲ್ಲಿ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನ ಪ್ರಮಾಣ ನಮೂದಾಗಿದೆಯೇ ನೋಡಿ. ಅದರ ಭಾಗಶಃ ಒತ್ತಡ 0.3 ಕಿಲೋಪ್ಯಾಸ್ಕಲ್ ಮೀರುವುದಾದರೆ ಪಾತ್ರೆ ಸೋರ್ ಸರ್ವಿಸ್ (ಹೈಡ್ರೋಜನ್ ಸಲ್ಫೈಡ್ ಇರುವ ಬಳಕೆ) ನಿಯಮಗಳ ಅಡಿಗೆ ಬರುತ್ತದೆ. 64 ಬಾರ್‌ನಲ್ಲಿ ಆ ಮಿತಿ ದಾಟಲು ಹತ್ತು ಲಕ್ಷಕ್ಕೆ ಐವತ್ತು ಭಾಗದಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ಸಾಕು. ಆಗ ಕಾರ್ಬನ್ ಉಕ್ಕು ಮತ್ತು ಅದರ ವೆಲ್ಡ್‌ಗಳ ಗಡಸುತನ ಸಾಮಾನ್ಯವಾಗಿ 22 ರಾಕ್‌ವೆಲ್ ಸಿ ದಾಟಬಾರದು, ಇಲ್ಲವಾದರೆ ಗಡಸು ವೆಲ್ಡ್‌ನಲ್ಲಿ ಸೀಳು ಬಿಡುತ್ತದೆ. ಪ್ಲೇಟ್‌ನ ಆಯ್ಕೆ, ವೆಲ್ಡಿಂಗ್ ವಿಧಾನದ ಪರೀಕ್ಷೆ, ಬೆಸುಗೆಯ ನಂತರದ ಶಾಖೋಪಚಾರ ಎಲ್ಲವೂ ಅದರ ಮೇಲೆ ನಿಂತಿರುವುದರಿಂದ, ಪ್ಲೇಟ್ ಖರೀದಿಗೆ ಮೊದಲೇ ಗ್ರಾಹಕರಿಂದ ಈ ಅಂಕಿಯನ್ನು ಬರಹದಲ್ಲಿ ತರಿಸಿಕೊಳ್ಳಿ.